ಸೂಜಿಗೆ ಮೊದಲು ಕಣ್ಣು!

ಬೊಟಾಕ್ಸ್, ಫಿಲ್ಲರ್ ಮಾತು ಈಗ ಕಿಟ್ಟಿ ಪಾರ್ಟಿವರೆಗೂ ಬಂದಿದೆ. ‘ಎಷ್ಟು ರೂಪಾಯಿ? ಎಷ್ಟು ದಿನ ಇರುತ್ತೆ?’ ಎಂದು ಎಲ್ಲರೂ ಕೇಳುತ್ತಾರೆ. ‘ಡಾಕ್ಟರ್ ನನ್ನ ಮುಖವನ್ನು ಎಷ್ಟು ಹೊತ್ತು ನೋಡುತ್ತಾರೆ?’ ಎಂದು ಕೇಳುವವರು ಮಾತ್ರ ಕಡಿಮೆ. ಕೇಳಬೇಕಾದ ಮೊದಲ ಪ್ರಶ್ನೆ ಅದೇ!

ಬೊಟ್ಟು ಇಡಲು ಕನ್ನಡಿ ಮುಂದೆ ನಿಂತಾಗ ಎರಡೂ ಕೆನ್ನೆಗಳನ್ನು ಬೆರಳಿನಿಂದ ಮೇಲಕ್ಕೆ ಎಳೆದು ನೋಡಿಕೊಂಡಿದ್ದೀರಾ? ನಾಚಿಕೊಳ್ಳಬೇಡಿ, ನಲವತ್ತು ದಾಟಿದ ಎಲ್ಲರೂ ಒಂದಲ್ಲ ಒಂದು ದಿನ ಹಾಗೆ ಮಾಡಿರುತ್ತಾರೆ. ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದರೂ ‘ಯಾಕೆ ಸುಸ್ತಾಗಿದ್ದೀರಾ?’ ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಸುಮ್ಮನೆ ಕುಳಿತಿದ್ದರೂ ‘ಅಮ್ಮಾ, ಕೋಪಾನಾ?’ ಎನ್ನುತ್ತಾನೆ ಮಗ. ನಿಮ್ಮ ಮನಸ್ಸಿನಲ್ಲಿ ಇಲ್ಲದ್ದನ್ನು ಮುಖ ಹೇಳತೊಡಗಿದಾಗ ಬೇಸರವಾಗುವುದು ಸಹಜ. ಅದಕ್ಕೆ ಪರಿಹಾರ ಹುಡುಕುವುದೂ ತಪ್ಪಲ್ಲ.

ಆದರೆ ಪರಿಹಾರ ಹುಡುಕುವ ದಾರಿಯಲ್ಲಿ ಒಂದು ಎಡವಟ್ಟಿದೆ. ‘ಈ ಗೆರೆ ಹೋಗಬೇಕು’ ಎಂದು ಬೆರಳಿಟ್ಟು ತೋರಿಸುತ್ತೇವೆ. ಅಲ್ಲಿ ಕುಳಿತವರು ಅದೇ ಗೆರೆಗೆ ಸೂಜಿ ಹಾಕಿ ಹತ್ತು ನಿಮಿಷದಲ್ಲಿ ಕಳಿಸುತ್ತಾರೆ. ಗೆರೆ ಹೋಗಿರುತ್ತದೆ, ಮುಖವೂ ಹೋಗಿರುತ್ತದೆ! ‘ಏನೋ ಮಾಡಿಸ್ಕೊಂಡಿದ್ದಾರೆ, ಆದ್ರೆ ಏನು ಅಂತ ಗೊತ್ತಾಗ್ತಿಲ್ಲ’ ಎಂದು ಜನ ಹಿಂದಿನಿಂದ ಮಾತಾಡುವುದು ಇಂಥವರ ಬಗ್ಗೆಯೇ. ಔಷಧ ಕೆಟ್ಟದ್ದೇನಲ್ಲ, ಕೈಯೂ ನಡುಗಿರಲಿಕ್ಕಿಲ್ಲ. ಸೂಜಿ ಹಿಡಿಯುವ ಮೊದಲು ಮುಖವನ್ನು ಸರಿಯಾಗಿ ನೋಡಲಿಲ್ಲ, ಅಷ್ಟೇ.

ಮೊದಲು, ಏನಿದು ಔಷಧ?

ಎರಡು ಬಗೆಯ ಚುಚ್ಚುಮದ್ದನ್ನು ಜನ ಒಂದೇ ಎಂದು ತಿಳಿದುಬಿಡುತ್ತಾರೆ. ಬೊಟಾಕ್ಸ್ ಮಾಡುವ ಕೆಲಸ ಸ್ನಾಯುವನ್ನು ಸ್ವಲ್ಪ ಕಾಲ ಸಡಿಲಿಸುವುದು. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ ಮೂಡುವ ಗೆರೆಗಳಿಗೆ ಅದು. ಮೂರ್ನಾಲ್ಕು ದಿನದಲ್ಲಿ ಶುರುವಾಗಿ, ಎರಡು ವಾರಕ್ಕೆ ಪೂರ್ತಿ ಪರಿಣಾಮ ಕಾಣಿಸಿ, ಮೂರರಿಂದ ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ಫಿಲ್ಲರ್ ಎಂದರೆ ತುಂಬುವ ಜೆಲ್. ಹೆಚ್ಚಾಗಿ ಬಳಸುವುದು ಹೈಲುರಾನಿಕ್ ಆ್ಯಸಿಡ್. ಇದು ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ತಾನಾಗಿಯೇ ಇರುವ, ನೀರು ಹಿಡಿದಿಡುವ ವಸ್ತು. ಯಾವ ಜೆಲ್, ಎಲ್ಲಿಗೆ ಎಂಬುದರ ಮೇಲೆ ಆರು ತಿಂಗಳಿನಿಂದ ಒಂದೂವರೆ ವರ್ಷ ಉಳಿಯುತ್ತದೆ. ಕೆಲವರಲ್ಲಿ ಅದಕ್ಕೂ ಹೆಚ್ಚು.

ಬೊಟಾಕ್ಸ್ ಸೌಂದರ್ಯ ಚಿಕಿತ್ಸೆಗೆ ಬಂದ ಕಥೆಯೇ ‘ನೋಡುವ’ ಕಥೆ. ಮೊದಲು ಇದು ಕಣ್ಣಿನ ಔಷಧ. ಮೆಳ್ಳೆಗಣ್ಣು ಮತ್ತು ರೆಪ್ಪೆ ತಾನಾಗಿ ಬಿಗಿದುಕೊಳ್ಳುವ ಕಾಯಿಲೆಗೆ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು, 1987ರಲ್ಲಿ, ಕೆನಡಾದ ವ್ಯಾಂಕೂವರ್‌ನ ಕಣ್ಣಿನ ವೈದ್ಯೆ ಜೀನ್ ಕರುದರ್ಸ್ ಅವರ ರೋಗಿಯೊಬ್ಬರು, ‘ಈ ಸಲ ಹುಬ್ಬುಗಳ ನಡುವೆ ಯಾಕೆ ಕೊಡಲಿಲ್ಲ? ಕೊಟ್ಟಾಗ ಮುಖ ಶಾಂತವಾಗಿ ಕಾಣುತ್ತಿತ್ತು’ ಎಂಬರ್ಥದಲ್ಲಿ ದೂರಿದರು. ಜೀನ್ ಅದನ್ನು ತಳ್ಳಿಹಾಕಲಿಲ್ಲ. ಚರ್ಮರೋಗ ತಜ್ಞರಾದ ಪತಿ ಅಲಸ್ಟೇರ್ ಜೊತೆ ಸೇರಿ ಪರೀಕ್ಷಿಸಿ 1992ರಲ್ಲಿ ಲೇಖನ ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) 2002ರಲ್ಲಿ ಅನುಮತಿ ಕೊಟ್ಟಿತು. ಮರುವರ್ಷ, 2003ರ ಡಿಸೆಂಬರ್‌ನಲ್ಲಿ, ರೆಸ್ಟಿಲೇನ್ ಎಂಬ ಹೈಲುರಾನಿಕ್ ಫಿಲ್ಲರ್‌ಗೂ ಅನುಮತಿ ಸಿಕ್ಕಿತು.

ಗೆರೆ ಇಲ್ಲಿ, ಕಾರಣ ಇನ್ನೆಲ್ಲೋ

ವಯಸ್ಸಾಗುವುದು ಬರೀ ಚರ್ಮಕ್ಕೆ ಎಂದು ತಿಳಿದಿದ್ದೇವೆ. ಹಾಗಲ್ಲ. ಒಳಗಿನ ಮೂಳೆಯೇ ಸವೆಯುತ್ತದೆ, ಕಣ್ಣಿನ ಗೂಡು ಅಗಲವಾಗುತ್ತದೆ, ಮೇಲ್ದವಡೆ ಸ್ವಲ್ಪ ಹಿಂದೆ ಸರಿಯುತ್ತದೆ. ಮೂಳೆಯ ಮೇಲಿನ ಕೊಬ್ಬೂ ಒಂದೇ ಹಾಸಿಗೆಯಂತೆ ಇಲ್ಲ. ಅದು ಬೇರೆ ಬೇರೆ ಚೀಲಗಳಂತೆ ಇದೆ ಎಂದು 2007ರಲ್ಲಿ ಅಮೆರಿಕದ ಟೆಕ್ಸಾಸ್‌ನ ವೈದ್ಯರಾದ ರೋರಿಕ್ ಮತ್ತು ಪೆಸ್ಸಾ ತೋರಿಸಿಕೊಟ್ಟರು. ಒಂದು ಚೀಲ ಬತ್ತುತ್ತದೆ, ಪಕ್ಕದ್ದು ಜೋತುಬೀಳುತ್ತದೆ. ಹೀಗಾಗಿ ನಿಮ್ಮ ಕಣ್ಣಿಗೆ ಕಾಣುವ ಗೆರೆ ಒಂದು ಕಡೆ, ಅದನ್ನು ಹುಟ್ಟಿಸಿದ ಕಾರಣ ಇನ್ನೊಂದು ಕಡೆ. ಮೂರು ಉದಾಹರಣೆ ನೋಡಿ.

ಮೂಗಿನ ಪಕ್ಕದ ಗೆರೆ: ಮೂಗಿನಿಂದ ಬಾಯಿಯಂಚಿಗೆ ಇಳಿಯುವ ಗೆರೆಯನ್ನು ತುಂಬಿಸಿಕೊಳ್ಳಬೇಕೆಂದು ಬಹಳ ಮಂದಿ ಬರುತ್ತಾರೆ. ಆದರೆ ಎಷ್ಟೋ ಸಲ ಕೆನ್ನೆ ಬತ್ತಿ ಕೆಳಗಿಳಿದದ್ದರಿಂದಲೇ ಆ ಗೆರೆ ಆಳವಾಗಿರುತ್ತದೆ. ಗೆರೆಯನ್ನೇ ತುಂಬುತ್ತ ಹೋದರೆ ಬಾಯಿಯ ಸುತ್ತ ಭಾರವಾಗಿ, ಮುಖದ ಕೆಳಭಾಗ ಉಬ್ಬಿದಂತೆ ಕಾಣುತ್ತದೆ. ಕೆನ್ನೆಯ ಮೇಲ್ಭಾಗಕ್ಕೆ ಸ್ವಲ್ಪ ಆಸರೆ ಕೊಟ್ಟರೆ ಗೆರೆ ತಾನಾಗಿ ತಿಳಿಯಾಗುವುದುಂಟು. ಮಾಳಿಗೆ ಸೋರುವಾಗ ಕೆಳಗಿನ ಗೋಡೆಗೆ ಎಷ್ಟು ಸಲ ಸುಣ್ಣ ಬಳಿದರೇನು ಪ್ರಯೋಜನ?

ಹಣೆಯ ಗೆರೆ: ಇದು ಇನ್ನೂ ಸೂಕ್ಷ್ಮ. ವಯಸ್ಸಾದಂತೆ ಕೆಲವರ ಮೇಲ್ರೆಪ್ಪೆ ಜೋತುಬಿದ್ದು ಕಣ್ಣಿಗೆ ಅಡ್ಡ ಬರುತ್ತದೆ. ಸರಿಯಾಗಿ ಕಾಣಲೆಂದು ಅವರಿಗೆ ಗೊತ್ತಿಲ್ಲದೆಯೇ ಹಣೆಯ ಸ್ನಾಯು ದಿನವಿಡೀ ಹುಬ್ಬನ್ನು ಎತ್ತಿ ಹಿಡಿದಿರುತ್ತದೆ. ಗೆರೆ ಮೂಡುವುದು ಅದರಿಂದ. ಇದನ್ನು ಗಮನಿಸದೆ ಹಣೆಗೆ ಬೊಟಾಕ್ಸ್ ಕೊಟ್ಟರೆ ಎತ್ತಿ ಹಿಡಿದ ಕೈಯನ್ನೇ ಬಿಟ್ಟಂತೆ! ಹುಬ್ಬು ಕುಸಿದು, ಕಣ್ಣು ಭಾರವಾಗಿ, ಎರಡು ಮೂರು ತಿಂಗಳು ನಿದ್ದೆಗಣ್ಣಲ್ಲಿ ತಿರುಗಬೇಕಾದೀತು. ಹಣೆಯ ನಡುವಿಗೆ ಮಾತ್ರ ಕೊಟ್ಟು ಪಕ್ಕ ಬಿಟ್ಟರೆ ಹುಬ್ಬಿನ ತುದಿ ಮೇಲೆದ್ದು ಸದಾ ಅಚ್ಚರಿಗೊಂಡ ಮುಖವಾಗುತ್ತದೆ. ಟಿ.ವಿ.ಯಲ್ಲಿ ಅಂಥ ಹುಬ್ಬುಗಳನ್ನು ನೀವು ನೋಡಿಯೇ ಇರುತ್ತೀರಿ.

ಕಣ್ಣಿನ ಕೆಳಗಿನ ಕಪ್ಪು: ನಮ್ಮ ಕಡೆಯ ಹೆಂಗಸರ ದೊಡ್ಡ ದೂರು ಇದೇ. ಇದರಲ್ಲಿ ಮೂರು ಬಗೆ. ಚರ್ಮದ ಬಣ್ಣವೇ ಗಾಢವಾಗಿರಬಹುದು. ಅಲ್ಲಿ ತಗ್ಗು ಬಿದ್ದು ನೆರಳು ಕಾಣುತ್ತಿರಬಹುದು. ಅಥವಾ ಕೊಬ್ಬಿನ ಚೀಲ ಉಬ್ಬಿ ಅದರ ಕೆಳಗೆ ನೆರಳು ಬಿದ್ದಿರಬಹುದು. ಫಿಲ್ಲರ್‌ನಿಂದ ಉಪಯೋಗ ಆಗುವುದು ತಗ್ಗಿಗೆ ಮಾತ್ರ. ಬಣ್ಣಕ್ಕೆ ಅದು ಏನೂ ಮಾಡದು. ಉಬ್ಬಿದ ಚೀಲಕ್ಕೆ ಕೊಟ್ಟರೆ ಊತ ಇನ್ನೂ ಹೆಚ್ಚೀತು. ತೆಳು ಚರ್ಮದ ಅಡಿಯಲ್ಲಿ ಜೆಲ್ ಮೇಲ್ಮೇಲೆ ಕುಳಿತರೆ ನೀಲಿ ಛಾಯೆ ಬೇರೆ!

ಅಳತೆಗೋಲು ಯಾರದ್ದು?

ಮುಖವನ್ನು ಅಳೆಯುವ ಪದ್ಧತಿ ಹಳೆಯದು. ನಮ್ಮ ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದವೇ ಒಂದು ತಾಳ. ಅದನ್ನು 12 ಅಂಗುಲವಾಗಿ ಭಾಗಿಸಿ, ಹಣೆ, ಮೂಗು, ಗದ್ದಕ್ಕೆ ಸಮನಾಗಿ ಮೂರು ಪಾಲು ಮಾಡುತ್ತಾರೆ. ಒಂಬತ್ತು ಮುಖದಷ್ಟು ಎತ್ತರದ ಮೂರ್ತಿ ನವತಾಳ. ಯುರೋಪಿನ ಕಲಾವಿದರೂ ಮುಖವನ್ನು ಉದ್ದಕ್ಕೆ ಮೂರು, ಅಗಲಕ್ಕೆ ಐದು ಪಾಲು ಮಾಡಿದರು. ಅಗಲದ ಒಂದೊಂದು ಪಾಲು ಒಂದು ಕಣ್ಣಿನಷ್ಟು. ಇಂದಿಗೂ ಸೌಂದರ್ಯ ತಜ್ಞರು ಶುರು ಮಾಡುವುದು ಇಲ್ಲಿಂದಲೇ. ಮೂಗು ದೊಡ್ಡದು ಎಂದು ಕೊರಗುವವರ ಗದ್ದ ಚಿಕ್ಕದಾಗಿರುವುದು, ಪಕ್ಕದಿಂದ ನೋಡಿ ಅಳೆದಾಗಲೇ ಗೊತ್ತಾಗುವುದು.

ಹಾಗಂತ ಅಳತೆಯೇ ಚೆಲುವಲ್ಲ. ಕೆನಡಾದ ಟೊರಾಂಟೊದಲ್ಲಿ ಲೆಸ್ಲಿ ಫರ್ಕಾಸ್ ಎಂಬ ತಜ್ಞರು ಜೀವಂತ ಮುಖಗಳನ್ನು ಅಳೆದು, ಈ ಹಳೆಯ ಸೂತ್ರಗಳು ನಿಜವಾದ ಮುಖಗಳಿಗೆ ಸರಿಯಾಗಿ ಹೊಂದುವುದು ಅಪರೂಪ ಎಂದು 1985ರಲ್ಲಿ ತೋರಿಸಿದರು. 2005ರಲ್ಲಿ ಅವರ ತಂಡ ಬೇರೆ ಬೇರೆ ಜನಾಂಗಗಳ ಮುಖಗಳ ಅಳತೆಯನ್ನು ಪ್ರಕಟಿಸಿದಾಗ ಒಂದೊಂದು ಜನಾಂಗಕ್ಕೆ ಒಂದೊಂದು ಲೆಕ್ಕ ಕಂಡಿತು. ‘ಗೋಲ್ಡನ್ ರೇಶಿಯೋ ಮುಖ’ ಎಂದು ಜಾಹೀರಾತು ಕೊಡುವವರು ಇದನ್ನು ಹೇಳುವುದಿಲ್ಲ!

ಬೇಲೂರಿಗೆ ಹೋದವರೆಲ್ಲ ದರ್ಪಣಸುಂದರಿಯ ಮುಂದೆ ನಿಲ್ಲುತ್ತೇವೆ. 1117ರ ದೇಗುಲ. ಆಕೆಯದು ದುಂಡು ಮುಖ, ತುಂಬಿದ ಕೆನ್ನೆ. ಚೂಪು ದವಡೆ, ಒಳಸೇರಿದ ಕೆನ್ನೆ ಅಲ್ಲಿಲ್ಲ. ಆದರೂ ಒಂಬತ್ತು ಶತಮಾನದಿಂದ ಯಾರೂ ಆಕೆಯನ್ನು ಚೆಲುವೆಯಲ್ಲ ಎಂದಿಲ್ಲ. ನಮ್ಮ ಚರ್ಮದ ರೀತಿಯೂ ಬೇರೆ. ಬಣ್ಣ ಗಾಢವಿದ್ದಷ್ಟೂ ಸುಕ್ಕು ತಡವಾಗಿ ಬರುತ್ತದೆ, ಆದರೆ ಕಪ್ಪು ಕಲೆ ಬೇಗ ಮೂಡುತ್ತದೆ. ಹೊರದೇಶದ ಮುಖಕ್ಕೆ ಬರೆದ ನಕ್ಷೆಯನ್ನು ನಿಮ್ಮ ಮುಖದ ಮೇಲೆ ಹಾಗೇ ಹಾಸಿದರೆ ಮೂಗಿಗಿಂತ ಮೂಗುತಿ ಭಾರವಾದಂತೆ!

ಈ ನಡುವೆ ಬ್ರೆಜಿಲ್‌ನ ಪ್ಲಾಸ್ಟಿಕ್ ಸರ್ಜನ್ ಮಾರಿಸಿಯೊ ಡಿ ಮೈಯೊ ಇನ್ನೊಂದು ರೀತಿಯಲ್ಲಿ ನೋಡಲು ಕಲಿಸಿದ್ದಾರೆ. ಗೆರೆ ಎಣಿಸುವುದಕ್ಕೆ ಮೊದಲು ಮುಖ ಏನು ಹೇಳುತ್ತಿದೆ ಎಂದು ಕೇಳಬೇಕು ಎನ್ನುವ ಪದ್ಧತಿ ಅದು. ದಣಿವೇ? ದುಃಖವೇ? ಸಿಟ್ಟೇ? ಜೋತುಬಿದ್ದಂತಿದೆಯೇ? ಸಿಟ್ಟು ಕಾಣುತ್ತಿದ್ದರೆ ಕಾರಣ ಹುಬ್ಬಿನ ನಡುವೆ ಇದ್ದೀತು. ದುಃಖ ಕಾಣುತ್ತಿದ್ದರೆ ಬಾಯಿಯ ಅಂಚು ಇಳಿದಿದ್ದೀತು. ದಣಿವಿಗೆ ಕಣ್ಣಿನ ಕೆಳಗಿನ ತಗ್ಗು ಕಾರಣವಾದೀತು. ‘ನನಗೆ ಇಂಥ ನಟಿಯ ತುಟಿ ಬೇಕು’ ಎನ್ನುವುದಕ್ಕಿಂತ ‘ನಾನು ಸುಮ್ಮನಿದ್ದರೂ ಸಿಟ್ಟಾದಂತೆ ಕಾಣುತ್ತೇನೆ’ ಎಂದು ಹೇಳಿಕೊಂಡರೆ ವೈದ್ಯರಿಗೆ ಹತ್ತು ಪಾಲು ಸಹಾಯ.

ಒಳ್ಳೆಯ ವೈದ್ಯರು ಹೇಗೆ ನೋಡುತ್ತಾರೆ?

ಬ್ಲೌಸ್ ಹೊಲಿಯುವ ಟೈಲರ್ ಕೂಡ ನಿಮ್ಮನ್ನು ನಿಲ್ಲಿಸಿ ಅಳತೆ ತೆಗೆದುಕೊಳ್ಳುತ್ತಾನೆ. ಮುಖಕ್ಕೆ ಕೈ ಹಾಕುವವರು ಅಷ್ಟನ್ನಾದರೂ ಮಾಡಬೇಡವೇ? ಮೊದಲ ಭೇಟಿಯಲ್ಲಿ ಇವೆಲ್ಲ ನಡೆಯುತ್ತವೆಯೇ ಗಮನಿಸಿ.

• ಮೇಕಪ್ ಪೂರ್ತಿ ತೆಗೆಸಿ, ಒಳ್ಳೆಯ ಬೆಳಕಿನಲ್ಲಿ, ನೇರವಾಗಿ ಕೂರಿಸಿ ನೋಡಬೇಕು. ಮಲಗಿದರೆ ಕೆನ್ನೆ ಕಿವಿಯ ಕಡೆಗೆ ಸರಿದು ತಗ್ಗೆಲ್ಲ ಮಾಯವಾಗುತ್ತದೆ. ಗುರುತು ಹಾಕುವುದೂ ಕೂತಿರುವಾಗಲೇ.

• ಮಾತಾಡಿಸಬೇಕು. ನಗಿಸಬೇಕು, ಹುಬ್ಬು ಗಂಟಿಕ್ಕಲು, ಮೇಲೆತ್ತಲು, ಕಣ್ಣು ಬಿಗಿಯಾಗಿ ಮುಚ್ಚಲು ಹೇಳಬೇಕು. ಸುಮ್ಮನಿದ್ದಾಗಲೂ ಇರುವ ಗೆರೆ ಬೇರೆ, ಆಡುವಾಗ ಮೂಡುವ ಗೆರೆ ಬೇರೆ. ಎರಡಕ್ಕೂ ಚಿಕಿತ್ಸೆ ಬೇರೆ.

• ಎದುರಿನಿಂದ, ಓರೆಯಾಗಿ, ಪಕ್ಕದಿಂದ, ಎರಡೂ ಕಡೆ ಫೋಟೊ ತೆಗೆಯಬೇಕು. ಮುಂದೆ ಹೋಲಿಸಿ ನೋಡಲು ಇದೇ ಆಧಾರ.

• ಬೆರಳಿನಿಂದ ಮುಟ್ಟಿ ಚರ್ಮದ ದಪ್ಪ, ಒಳಗಿನ ಮೂಳೆ, ಕೊಬ್ಬು ನೋಡಬೇಕು. ಹಿಂದೆ ಎಲ್ಲಿ, ಯಾವ ಫಿಲ್ಲರ್ ಹಾಕಿಸಿಕೊಂಡಿದ್ದೀರಿ ಎಂದು ಕೇಳಬೇಕು.

• ಎರಡೂ ಕಡೆಯ ವ್ಯತ್ಯಾಸವನ್ನು ಮೊದಲೇ ತೋರಿಸಿಕೊಡಬೇಕು. ಯಾರ ಮುಖವೂ ಎರಡೂ ಕಡೆ ಒಂದೇ ಅಲ್ಲ. ನಡುವೆಯೇ ಇಟ್ಟ ಬೊಟ್ಟು ವಾಲಿದಂತೆ ಕಾಣುವುದು ಇದಕ್ಕೇ! ಮೊದಲೇ ಹೇಳಿದರೆ ಅದು ವಿವರಣೆ, ಆಮೇಲೆ ಹೇಳಿದರೆ ನೆಪ.

• ಕಾಯಿಲೆ, ಮಾತ್ರೆ, ಅಲರ್ಜಿಯ ವಿವರ ಕೇಳಬೇಕು. ಗರ್ಭಿಣಿಯರು, ಎದೆಹಾಲು ಕುಡಿಸುವವರು ಇದನ್ನು ಮುಂದೂಡುವುದೇ ಒಳ್ಳೆಯದು. ಮಯಸ್ಥೀನಿಯಾದಂಥ ಸ್ನಾಯು ದೌರ್ಬಲ್ಯ ಇದ್ದವರಿಗೆ ಬೊಟಾಕ್ಸ್ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ. ಆದರೆ ನೀವಾಗಿಯೇ ನಿಲ್ಲಿಸಬೇಡಿ.

ನಿಮ್ಮ ಕಡೆಯಿಂದಲೂ ಒಂದು ಕೆಲಸವಿದೆ. ಹೋಗುವಾಗ ಮದುವೆ ಆಲ್ಬಮ್ಮಿನಿಂದ ಒಂದು ಫೋಟೊ, ಮೂವತ್ತೈದರ ಆಸುಪಾಸಿನ ಒಂದು ಫೋಟೊ ತೆಗೆದುಕೊಂಡು ಹೋಗಿ. ನಟಿಯ ಚಿತ್ರವಲ್ಲ, ನಿಮ್ಮದೇ! ಹುಬ್ಬು ಮೊದಲಿನಿಂದಲೂ ಕೆಳಗೇ ಇತ್ತೇ, ಕೆನ್ನೆ ಯಾವಾಗ ಬತ್ತಿತು, ಯಾವುದು ಹುಟ್ಟಿನಿಂದ ಬಂದದ್ದು, ಯಾವುದು ವಯಸ್ಸಿನದು ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗುರಿ ನಿಮ್ಮ ಮುಖವೇ ಆಗಿರಬೇಕು, ಬೇರೆಯವರದ್ದಲ್ಲ.

ಮನೆಯಲ್ಲೇ ಮಾಡಿ ನೋಡಿ

ವೈದ್ಯರ ಬಳಿ ಹೋಗುವ ಮೊದಲು ಈ ಸರಳ ಪರೀಕ್ಷೆಗಳನ್ನು ನೀವೇ ಮಾಡಿಕೊಳ್ಳಬಹುದು. ಖರ್ಚಿಲ್ಲ, ಹತ್ತು ನಿಮಿಷ ಸಾಕು.

• ಕಿಟಕಿಗೆ ಎದುರಾಗಿ ನಿಂತು ಕನ್ನಡಿ ನೋಡಿ. ಆಮೇಲೆ ನೆತ್ತಿಯ ಮೇಲಿನ ಬಲ್ಬಿನ ಕೆಳಗೆ ನೋಡಿ. ಕಿಟಕಿಯ ಬೆಳಕಲ್ಲಿ ಕಣ್ಣಿನ ಕೆಳಗಿನ ಕಪ್ಪು ಬಹಳ ಕಡಿಮೆಯಾದರೆ ಅದು ನೆರಳು. ಹಾಗೇ ಉಳಿದರೆ ಹೆಚ್ಚಾಗಿ ಚರ್ಮದ ಬಣ್ಣ. ಚರ್ಮವನ್ನು ಮೆಲ್ಲಗೆ ಕೆಳಕ್ಕೆ ಸರಿಸಿದಾಗ ಕಪ್ಪೂ ಜೊತೆಗೇ ಸರಿದರೆ ಅದೂ ಬಣ್ಣವೇ. ಅದಕ್ಕೆ ಸೂಜಿಯಲ್ಲ, ಚರ್ಮರೋಗ ತಜ್ಞರ ಬೇರೆ ಚಿಕಿತ್ಸೆ ಬೇಕು.

• ಕಣ್ಣು ಮುಚ್ಚಿ ಹಣೆಯನ್ನು ಸಡಿಲ ಬಿಡಿ. ಅಂಗೈಯಿಂದ ಹುಬ್ಬಿನ ಮೇಲೆ ಹಗುರವಾಗಿ ಒತ್ತಿ ಹಿಡಿದು ಕಣ್ಣು ತೆರೆಯಿರಿ. ರೆಪ್ಪೆ ಭಾರವಾಗಿ, ಹುಬ್ಬು ಎತ್ತಲೇಬೇಕು ಅನಿಸಿತೇ? ಹಾಗಾದರೆ ನಿಮ್ಮ ಹಣೆಯ ಸ್ನಾಯು ಕೆಲಸ ಮಾಡುತ್ತಿದೆ ಎಂದರ್ಥ. ಈ ಮಾತನ್ನು ವೈದ್ಯರಿಗೆ ಮರೆಯದೆ ಹೇಳಿ.

• ಸೆಲ್ಫಿ ನಂಬಬೇಡಿ! ಸುಮಾರು ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದಡಿ ದೂರದ ಫೋಟೊಗಿಂತ ಶೇ 30ರಷ್ಟು ಅಗಲ ಕಾಣುತ್ತದೆ ಎಂದು 2018ರಲ್ಲಿ ಪ್ರಕಟವಾದ ಅಮೆರಿಕದ ಲೆಕ್ಕಾಚಾರವೊಂದು ಹೇಳಿತು. ಮಗಳ ಕೈಗೆ ಮೊಬೈಲ್ ಕೊಟ್ಟು ಐದಡಿ ದೂರದಿಂದ ಎದುರು ಮತ್ತು ಪಕ್ಕದ ಫೋಟೊ ತೆಗೆಸಿ.

• ಫೋನಿನಲ್ಲಿ ಮಾತಾಡುವಾಗ ಒಂದು ನಿಮಿಷ ನಿಮ್ಮದೇ ವಿಡಿಯೊ ಮಾಡಿಸಿ. ಜನ ನೋಡುವುದು ಆಡುವ ಮುಖವನ್ನು. ಕನ್ನಡಿಯ ಮುಂದೆ ಉಸಿರು ಹಿಡಿದು ನಿಂತ ಮುಖ ನೋಡುವುದು ನೀವು ಮಾತ್ರ.

• ಕೊನೆಯದಾಗಿ ಒಂದು ಹಾಳೆಯಲ್ಲಿ ‘ಇದು ಯಾರಿಗಾಗಿ?’ ಎಂದು ಬರೆದು ಉತ್ತರಿಸಿ. ನಿಮಗಾಗಿ ಎಂದಾದರೆ ಸರಿ. ಗಂಡನ ಕೊಂಕು, ಓರಗಿತ್ತಿಯ ಹೋಲಿಕೆ, ನಾದಿನಿಯ ಚುಚ್ಚುಮಾತು ಕಾರಣವಾದರೆ ಸ್ವಲ್ಪ ತಡೆಯಿರಿ. ಆ ಚುಚ್ಚುಮಾತಿಗೆ ಈ ಚುಚ್ಚುಮದ್ದು ಔಷಧವಲ್ಲ.

‘ಬೇಡ’ ಅನ್ನುವ ವೈದ್ಯರನ್ನು ಬಿಡಬೇಡಿ

ನೋಡುವ ಕಲೆ ಬಲ್ಲವರು ಮಾಡುವ ಮೊದಲ ಉಪಕಾರ, ಬೇಡವಾದಲ್ಲಿ ಬೇಡ ಎನ್ನುವುದು. ಹಿಂದಿನ ಹಲ್ಲು ಕಳೆದುಕೊಂಡು ಕೆನ್ನೆ ಒಳಹೋಗಿದ್ದರೆ ಮೊದಲು ದಂತವೈದ್ಯರು. ಮುಖ ಉಬ್ಬಿದಂತಿದ್ದು, ಮೈತೂಕ ಏರಿ, ಸದಾ ಆಲಸ್ಯವಾದರೆ ಮೊದಲು ಥೈರಾಯ್ಡ್ ಪರೀಕ್ಷೆ. ರೆಪ್ಪೆ ಕಣ್ಣಿಗೆ ಅಡ್ಡ ಬರುತ್ತಿದ್ದರೆ ಕಣ್ಣಿನ ವೈದ್ಯರು. ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಜೋತುಬಿದ್ದರೆ ಬ್ಯೂಟಿ ಕ್ಲಿನಿಕ್ಕೂ ಅಲ್ಲ, ನಾಳೆಯೂ ಅಲ್ಲ, ತಕ್ಷಣ ಆಸ್ಪತ್ರೆ. ಅದು ಪಾರ್ಶ್ವವಾಯು ಆಗಿರಬಹುದು. ಚರ್ಮ ತುಂಬಾ ಸಡಿಲವಾಗಿ ಇಳಿದಿದ್ದರೆ ಫಿಲ್ಲರ್‌ನಿಂದ ಎತ್ತಲು ಹೋದಷ್ಟೂ ಮುಖ ಉಬ್ಬುತ್ತದೆಯೇ ಹೊರತು ಬಿಗಿಯಾಗುವುದಿಲ್ಲ.

ಇನ್ನು ಕೆಲವರಿಗೆ ಬೇರೆ ಯಾರಿಗೂ ಕಾಣದ ಕೊರತೆ ಕನ್ನಡಿಯಲ್ಲಿ ಕಾಣುತ್ತದೆ. ದಿನಕ್ಕೆ ಗಂಟೆಗಟ್ಟಲೆ ಅದೇ ಯೋಚನೆ, ಒಂದು ಸರಿಯಾದರೆ ಇನ್ನೊಂದು. ನೆಂಟರ ಮನೆಗೆ ಹೋಗುವುದೂ ನಿಂತುಬಿಡುತ್ತದೆ. ಇದು ವೈದ್ಯಶಾಸ್ತ್ರ ಗುರುತಿಸಿರುವ ಮನಸ್ಸಿನ ತೊಂದರೆ, ಚಿಕಿತ್ಸೆಯೂ ಇದೆ. ಸೂಜಿಯಿಂದ ಮಾತ್ರ ಇದು ಗುಣವಾಗದು. ಅವರು ಬಯಸುವ ಮುಖ ಕನ್ನಡಿಯೊಳಗಿನ ಗಂಟು. ಅಂಥವರಿಗೆ ಪ್ರೀತಿಯಿಂದ ‘ಬೇಡ’ ಎಂದು ಹೇಳಿ ಮನೋವೈದ್ಯರ ಬಳಿ ಕಳಿಸುವವರೇ ನಿಜವಾದ ವೈದ್ಯರು.

ಅಪಾಯವನ್ನೂ ತಿಳಿದಿರಿ

‘ಲಂಚ್ ಬ್ರೇಕ್‌ನಲ್ಲಿ ಮಾಡಿಸ್ಕೊಂಡು ಬರಬಹುದು’ ಎಂಬ ಮಾತು ಕೇಳಿರುತ್ತೀರಿ. ಸ್ವಲ್ಪ ಊತ, ನೋವು, ಕಂದಿದ ಕಲೆ ಸಾಮಾನ್ಯ, ಕೆಲ ದಿನಗಳಲ್ಲಿ ಹೋಗುತ್ತದೆ. ಆದರೆ ಫಿಲ್ಲರ್ ರಕ್ತನಾಳದೊಳಗೆ ಹೋದರೆ ಅದು ಬೇರೆಯೇ ಕಥೆ. ಆ ಭಾಗದ ಚರ್ಮ ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು, ಪಾರ್ಶ್ವವಾಯು ಹೊಡೆಯಬಹುದು. ಎಫ್‌ಡಿಎ 2015ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಮೂಗು, ಹುಬ್ಬುಗಳ ನಡುವಿನ ಜಾಗ, ಹಣೆ ಹೆಚ್ಚು ಅಪಾಯದ ಜಾಗಗಳು. ಅಲ್ಲಿನ ನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಬಂಧವಿದೆ. ಮುಖದ ಒಳರಚನೆ ಅರಿಯದವರು ಮೂಗು ‘ನೇರ’ ಮಾಡುತ್ತೇನೆ ಎಂದು ಹೊರಟರೆ ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ!

ಚುಚ್ಚಿದ ಜಾಗ ಬಿಳಿಚಿಕೊಂಡರೆ, ವಿಪರೀತ ನೋವಾದರೆ, ಚರ್ಮದ ಮೇಲೆ ಬಲೆಯಂತೆ ನೀಲಿ ಗೆರೆ ಹರಡಿದರೆ, ಕಣ್ಣು ಮಂಜಾದರೆ, ಮಾತು ತೊದಲಿದರೆ ‘ಬೆಳಿಗ್ಗೆ ನೋಡೋಣ’ ಎನ್ನಬೇಡಿ. ಇಲ್ಲಿ ನಿಮಿಷಗಳ ಲೆಕ್ಕ. ಮಾಡಿದ ವೈದ್ಯರಿಗೆ ಫೋನ್ ಮಾಡಿ. ದೃಷ್ಟಿಗೆ, ಮಾತಿಗೆ ತೊಂದರೆಯಾದರೆ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಹೈಲುರಾನಿಕ್ ಫಿಲ್ಲರ್ ಕರಗಿಸಲು ಹೈಲುರಾನಿಡೇಸ್ ಎಂಬ ಔಷಧವಿದೆ. ಅದು ಕ್ಲಿನಿಕ್ಕಿನಲ್ಲೇ ಇರಬೇಕು, ‘ತರಿಸಿಕೊಡ್ತೀವಿ’ ಎಂದರೆ ಸಾಲದು. ಸಿಲಿಕೋನ್‌ನಂಥ ಶಾಶ್ವತ ಫಿಲ್ಲರ್ ಅದಕ್ಕೆ ಕರಗುವುದಿಲ್ಲ. ‘ಜೀವನಪೂರ್ತಿ ಇರುತ್ತೆ’ ಎಂದು ಯಾರಾದರೂ ಹೊಗಳಿದರೆ ಅದೇ ಬೇಡವೆನ್ನಲು ಕಾರಣ.

ನಕಲಿ ಔಷಧದ ಕಾಟವೂ ಇದೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲೇ ಹಲವು ರಾಜ್ಯಗಳಲ್ಲಿ ನಕಲಿ ಬೊಟಾಕ್ಸ್ ಪತ್ತೆಯಾಗಿ ಸರ್ಕಾರ ಎಚ್ಚರಿಕೆ ಕೊಟ್ಟಿತು. ಸೂಜಿಯಿಲ್ಲದೆ ಒತ್ತಡದಿಂದ ಫಿಲ್ಲರ್ ಹಾಯಿಸುವ ‘ಪೆನ್’ ಬಳಸಬೇಡಿ ಎಂದು 2021ರಲ್ಲಿ ಎಫ್‌ಡಿಎ ಹೇಳಿದೆ. ಆನ್‌ಲೈನ್‌ನಲ್ಲಿ ಕೊಂಡು ಮನೆಯಲ್ಲಿ ಪ್ರಯೋಗ ಮಾಡುವುದಂತೂ ಕನಸಿನಲ್ಲೂ ಬೇಡ.

ಕೇಳಲೇಬೇಕಾದ ಪ್ರಶ್ನೆಗಳು

ಡಾಕ್ಟರ್ ಮುಂದೆ ಪ್ರಶ್ನೆ ಕೇಳಲು ನಮಗೆ ಸಂಕೋಚ. ತರಕಾರಿಯವನ ಹತ್ತಿರ ಕೊತ್ತಂಬರಿ ಕಟ್ಟಿಗೂ ನಾಲ್ಕು ಮಾತಾಡುತ್ತೇವೆ, ಮುಖದ ವಿಷಯಕ್ಕೆ ಬಾಯಿ ಕಟ್ಟುತ್ತದೆ! ಚೀಟಿಯಲ್ಲಿ ಬರೆದುಕೊಂಡು ಹೋಗಿ.

1. ಸೂಜಿ ಹಾಕುವವರು ಯಾರು? ಚರ್ಮರೋಗ ತಜ್ಞರೋ, ಪ್ಲಾಸ್ಟಿಕ್ ಸರ್ಜನ್ನೋ? ಬ್ಯೂಟಿಷಿಯನ್ ಕೈಗೆ ಮುಖ ಕೊಡಬೇಡಿ. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕ್‌ಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿ ಇರಬೇಕು. ಪ್ರಮಾಣಪತ್ರ ಗೋಡೆಯ ಮೇಲೆ ಇದೆಯೇ ನೋಡಿ.

2. ನಾನು ತೋರಿಸಿದ ಗೆರೆಗೆ ನಿಜವಾದ ಕಾರಣ ಏನು? ಬೇರೆ ಜಾಗಕ್ಕೆ ಕೊಡಬೇಕೆಂದರೆ ಯಾಕೆ?

3. ಏನೂ ಮಾಡದಿದ್ದರೆ ಏನಾಗುತ್ತದೆ? ಸನ್‌ಸ್ಕ್ರೀನ್, ಕ್ರೀಮ್‌ನಿಂದಲೇ ಸಾಕೇ?

4. ಯಾವ ಬ್ರಾಂಡ್? ಎಷ್ಟು ಯೂನಿಟ್, ಎಷ್ಟು ಸಿರಿಂಜ್? ಒಂದು ಬ್ರಾಂಡಿನ ಬೊಟುಲಿನಮ್ ಯೂನಿಟ್ ಇನ್ನೊಂದರದ್ದಕ್ಕೆ ಸಮವಲ್ಲ. ಬರೀ ಯೂನಿಟ್ ಲೆಕ್ಕದಲ್ಲಿ ‘ಅಗ್ಗ’ ಎಂದು ಹೋಗಬೇಡಿ. ಫಿಲ್ಲರ್‌ನ ಸೀಲು ಎದುರಿಗೇ ಒಡೆಯಲಿ, ಸ್ಟಿಕ್ಕರ್ ಕೇಳಿ ಪಡೆದಿಟ್ಟುಕೊಳ್ಳಿ.

5. ಹೈಲುರಾನಿಡೇಸ್ ಈಗ ಇಲ್ಲಿದೆಯೇ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

6. ಎರಡು ವಾರದ ನಂತರ ಮತ್ತೆ ನೋಡುತ್ತೀರಾ? ಅದಕ್ಕೆ ಬೇರೆ ಫೀಸು ಉಂಟೇ?

ಈ ಆರು ಪ್ರಶ್ನೆಗೆ ಮುಖ ಸಿಂಡರಿಸುವವರ ಬಳಿ ನಿಮ್ಮ ಮುಖ ಕೊಡಬೇಡಿ. ‘ಇವತ್ತೇ ಮಾಡಿಸಿಕೊಂಡರೆ ಆಫರ್’ ಎಂದರಂತೂ ಎದ್ದು ಬನ್ನಿ. ಮೊದಲ ಭೇಟಿ ನೋಡುವುದಕ್ಕೆ, ಮಾತಿಗೆ ಮಾತ್ರ. ಮನೆಗೆ ಬಂದು ಒಂದು ವಾರ ಯೋಚಿಸಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಸ್ವಲ್ಪವೇ ಸಾಕು

ಒಂದು ಸಿರಿಂಜ್ ಫಿಲ್ಲರ್ ಎಂದರೆ ಸಾಮಾನ್ಯವಾಗಿ 1 ಮಿ.ಲೀ. ಔಷಧ ಕುಡಿಯುವ ಚಿಕ್ಕ ಚಮಚದ ಐದನೇ ಒಂದು ಪಾಲು! ಅಷ್ಟೇ ಅಷ್ಟು ಜೆಲ್ ಸರಿಯಾದ ಜಾಗದಲ್ಲಿ ಕೂತರೆ ಮುಖದ ಭಾವವೇ ತಿಳಿಯಾಗುತ್ತದೆ, ತಪ್ಪು ಜಾಗದಲ್ಲಿ ನಾಲ್ಕು ಪಟ್ಟು ಹಾಕಿದರೂ ಉಪಯೋಗವಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಮತ್ತೆ ಹಾಕಬಹುದು, ಹೆಚ್ಚಾದರೆ ತೆಗೆಯುವುದು ಕಷ್ಟ. ಇದೂ ಹಾಗೆಯೇ. ಮೊದಲ ಸಲ ಕಡಿಮೆ ಹಾಕಿಸಿ, ಎರಡು ವಾರ ಬಿಟ್ಟು ನೋಡಿ, ಬೇಕಿದ್ದರೆ ಮಾತ್ರ ಮುಂದುವರಿಯಿರಿ.

ಮಗಳ ಮದುವೆ, ಗೃಹಪ್ರವೇಶ ಇದೆಯೇ? ಹಿಂದಿನ ವಾರ ಹೋಗಿ ಕೂರಬೇಡಿ. ಕನಿಷ್ಠ ನಾಲ್ಕರಿಂದ ಆರು ವಾರ ಮೊದಲೇ ಮುಗಿಸಿ. ಕಂದು ಕಲೆ ಮಾಯಲು, ಊತ ಇಳಿಯಲು, ಹೆಚ್ಚುಕಡಿಮೆಯಾದದ್ದನ್ನು ಸರಿಪಡಿಸಲು ಸಮಯ ಬೇಕು. ಮಾಡಿಸಿದ ದಿನ ಮುಖ ತಿಕ್ಕಬೇಡಿ, ಫೇಶಿಯಲ್, ಮಸಾಜ್ ಬೇಡ. ಹಲ್ಲಿನ ಚಿಕಿತ್ಸೆ ಇದ್ದರೆ ಫಿಲ್ಲರ್‌ಗೂ ಅದಕ್ಕೂ ಕನಿಷ್ಠ ಎರಡು ವಾರ ಅಂತರವಿರಲಿ. ಇನ್ನು ಸೂಜಿ ಬೇಕಿದ್ದರೂ ಬೇಡದಿದ್ದರೂ, ತಾರಸಿಯಲ್ಲಿ ಹಪ್ಪಳ ಒಣಹಾಕಲು ಹೋಗುವಾಗಲೂ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಮರೆಯಬೇಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ಮುಖ ಕಾಯುವ ಸಾಧನ ಇನ್ನೊಂದಿಲ್ಲ.

ಕೊನೆಗೊಂದು ಮಾತು. ಮಗು ಮೊದಲು ಓದಲು ಕಲಿಯುವುದು ಪುಸ್ತಕವನ್ನಲ್ಲ, ಅಮ್ಮನ ಮುಖವನ್ನು. ನಿಮಗೆ ನಗು ಬಂದಾಗ ಕಣ್ಣಂಚು ಕೂಡ ನಗಬೇಕು, ಸಿಟ್ಟು ಬಂದಾಗ ಅದೂ ಮನೆಯವರಿಗೆ ಗೊತ್ತಾಗಬೇಕು! ಚಿಕಿತ್ಸೆಯ ನಂತರ ‘ಎಲ್ಲಿ ಮಾಡಿಸಿದ್ರಿ?’ ಎಂದು ಜನ ಕೇಳಿದರೆ ಎಲ್ಲೋ ಹೆಚ್ಚಾಗಿದೆ ಎಂದರ್ಥ. ‘ಊರಿಗೆ ಹೋಗಿ ಬಂದ್ರಾ? ಚೆನ್ನಾಗಿ ಕಾಣ್ತಿದ್ದೀರಿ’ ಎಂದರೆ ನಿಮ್ಮ ವೈದ್ಯರು ಸರಿಯಾಗಿ ನೋಡಿದ್ದಾರೆ ಎಂದು ತಿಳಿಯಿರಿ.